ಒಂದು ಧಾತುವಿಗೆ ಎರಡು ಅಂಕಿ: ಪರಮಾಣು ತೂಕದ ಪಟ್ಟಿ ಬದಲಾದ ಕಥೆ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಕ್ಲೋರಿನ್ ಅಂದರೆ 35.5. ಲೆಕ್ಕ ಬಿಡಿಸುವಾಗ ಯೋಚನೆಯನ್ನೇ ಮಾಡದೆ ಬರೆಯುವ ಅಂಕಿ ಅದು. ಆದರೆ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟದ ಅಧಿಕೃತ ಪಟ್ಟಿ ತೆರೆದರೆ ಕ್ಲೋರಿನ್ ಮುಂದೆ ಈಗ ಒಂದು ಅಂಕಿ ಇಲ್ಲ. ಚೌಕ ಆವರಣದೊಳಗೆ ಎರಡಿವೆ: 35.446 ಮತ್ತು 35.457. ಹೈಡ್ರೋಜನ್, ಇಂಗಾಲ, ಆಮ್ಲಜನಕ, ಗಂಧಕ, ಸೀಸ ಸೇರಿ 14 ಧಾತುಗಳದ್ದು ಇದೇ ಸ್ಥಿತಿ. ಗೋಡೆಯ ಚಾರ್ಟಿನಲ್ಲಿ ಒಂದು ಬೆಲೆ, ಪ್ರಯೋಗಾಲಯದ ಕೈಪಿಡಿಯಲ್ಲಿ ಇನ್ನೊಂದು, ಹಳೆಯ ಪಠ್ಯದಲ್ಲಿ ಮತ್ತೊಂದು. ಯಾವುದು ಸರಿ ಎಂದು ಕೇಳಿದ ಹುಡುಗನಿಗೆ ‘ಪುಸ್ತಕದಲ್ಲಿ ಇದ್ದದ್ದನ್ನೇ ಬರಿ’ ಎಂಬ ಉತ್ತರ ಸಾಲದು. ಈ ಗೊಂದಲಕ್ಕೆ ಇನ್ನೂರು ವರ್ಷಗಳ ಹಿನ್ನೆಲೆಯಿದೆ.

19ನೇ ಶತಮಾನದ್ದನ್ನು ಬೇಗ ಮುಗಿಸಬಹುದು. ಜಾನ್ ಡಾಲ್ಟನ್ ಹೈಡ್ರೋಜನ್ನನ್ನು 1 ಎಂದಿಟ್ಟುಕೊಂಡು ಉಳಿದವನ್ನು ಅದರ ಜೊತೆ ತೂಗಿದ. ನೀರಿನಲ್ಲಿ ಎರಡೂ ಒಂದೊಂದೇ ಪರಮಾಣು ಎಂದು ಭಾವಿಸಿದ್ದರಿಂದ 1808ರ ಅವನ ಪಟ್ಟಿಯಲ್ಲಿ ಆಮ್ಲಜನಕ 7. ಸ್ವೀಡನ್ನಿನ ಬರ್ಸೀಲಿಯಸ್ ಆಮ್ಲಜನಕವನ್ನೇ 100 ಮಾಡಿಕೊಂಡ. 1815ರಲ್ಲಿ ವಿಲಿಯಂ ಪ್ರೌಟ್ ಎಂಬ ಇಂಗ್ಲಿಷ್ ವೈದ್ಯ, ಎಲ್ಲ ಧಾತುಗಳ ತೂಕವೂ ಹೈಡ್ರೋಜನ್ ತೂಕದ ಪೂರ್ಣ ಗುಣಕ ಎಂದು ಹೆಸರು ಹಾಕದೆ ಪ್ರಕಟಿಸಿದ. ಚಂದದ ಕಲ್ಪನೆ, ಆದರೆ ಎಷ್ಟು ಬಾರಿ ತೂಗಿದರೂ ಕ್ಲೋರಿನ್ 35ಕ್ಕೂ ಬರಲಿಲ್ಲ, 36ಕ್ಕೂ ಹೋಗಲಿಲ್ಲ. ಪ್ರೌಟ್‌ನ ಮಾತನ್ನು ನಂಬಿಕೊಂಡೇ ತೂಗಲು ಕುಳಿತ ಬೆಲ್ಜಿಯಂನ ಸ್ಟಾಸ್ ಕೊನೆಗೆ ಅದೊಂದು ಭ್ರಮೆ ಎಂದು ಬರೆದು ಮುಗಿಸಿದ. 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಇಟಲಿಯ ಕ್ಯಾನಿಜ಼ಾರೋ ಅಣು ಯಾವುದು, ಪರಮಾಣು ಯಾವುದು ಎಂಬುದನ್ನು ಬಿಡಿಸಿ ಹೇಳಿದ ಮೇಲೆಯೇ ಅಂಕಿಗಳು ಒಂದು ಹದಕ್ಕೆ ಬಂದದ್ದು. ಆ ಸಭೆಯಲ್ಲಿ ಕುಳಿತಿದ್ದ ಮೆಂಡಲೀವ್ ಒಂಬತ್ತು ವರ್ಷಗಳ ನಂತರ ಆವರ್ತ ಕೋಷ್ಟಕ ಕೊಟ್ಟ. 20ನೇ ಶತಮಾನ ಹುಟ್ಟುವ ಹೊತ್ತಿಗೆ ಒಪ್ಪಂದವೂ ಆಯಿತು: ಆಮ್ಲಜನಕ 16, ಉಳಿದದ್ದೆಲ್ಲ ಅದಕ್ಕೆ ಹೋಲಿಸಿ.

ಈ ಒಪ್ಪಂದದ ಅಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯಿತ್ತು. ಧಾತು ಎಲ್ಲಿಂದ ಬಂದರೂ ಅದರ ತೂಕ ಒಂದೇ ಎನ್ನುವುದು ಆ ನಂಬಿಕೆ. 1914ರಲ್ಲಿ ಅದಕ್ಕೆ ಮೊದಲ ಪೆಟ್ಟು ಬಿತ್ತು. ವಿಯೆನ್ನಾದಲ್ಲಿ ಓಟೋ ಹೋನಿಗ್‌ಶ್ಮಿಡ್ ಮತ್ತು ಸ್ಟೆಫಾನಿ ಹೊರೊವಿಟ್ಜ್ ಯುರೇನಿಯಂ ಅದಿರಿನಿಂದ ತೆಗೆದ ಸೀಸವನ್ನು ಸಾಮಾನ್ಯ ಸೀಸದ ಪಕ್ಕದಲ್ಲಿಟ್ಟು ತೂಗಿದರು. ಒಂದು ಸುಮಾರು 206.7, ಇನ್ನೊಂದು 207.2. ಅದೇ ವರ್ಷ ಹಾರ್ವರ್ಡಿನಲ್ಲಿ ಥಿಯೊಡೋರ್ ರಿಚರ್ಡ್ಸ್ ಕೂಡ ಇದನ್ನೇ ಕಂಡರು. ಸಿಲೋನಿನ ಥೋರೈಟ್ ಖನಿಜದ ಸೀಸವನ್ನು ಪರೀಕ್ಷಿಸಿದ ಫ್ರೆಡರಿಕ್ ಸಾಡಿಗೆ ಸಿಕ್ಕಿದ್ದು ಸಾಮಾನ್ಯಕ್ಕಿಂತ ಭಾರವಾದ ಸೀಸ. ರಾಸಾಯನಿಕವಾಗಿ ಮೂರೂ ಸೀಸವೇ. ಒಂದೇ ಧಾತುವಿಗೆ ಬೇರೆಬೇರೆ ತೂಕದ ಪರಮಾಣುಗಳು, ಅಂದರೆ ಐಸೋಟೋಪ್‌ಗಳು, ಇವೆ ಎನ್ನುವುದಕ್ಕೆ ತಕ್ಕಡಿ ಕೊಟ್ಟ ಸಾಕ್ಷಿ ಇದು. ಈ ಅಳತೆಯಲ್ಲಿ ದುಡಿದ ಹೊರೊವಿಟ್ಜ್‌ರನ್ನು 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಕೊಲ್ಲಲಾಯಿತು. ಪಠ್ಯಗಳಲ್ಲಿ ಅವರ ಹೆಸರು ಅಪರೂಪ. ಇರಬೇಕಿತ್ತು.

ಯುರೇನಿಯಂ, ಥೋರಿಯಂ ಕ್ಷಯಿಸಿದಾಗ ಹುಟ್ಟುವ ಸೀಸ ವಿಕಿರಣದ ಮಗು, ಅದೊಂದು ಅಪವಾದ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. 1929ರಲ್ಲಿ ಆ ಸಮಾಧಾನವೂ ಹೋಯಿತು. ಬರ್ಕ್ಲಿಯ ಜಿಯೋಕ್ ಮತ್ತು ಜಾನ್‌ಸ್ಟನ್ ಗಾಳಿಯ ಆಮ್ಲಜನಕದಲ್ಲಿ 16 ಮಾತ್ರವಲ್ಲ, 17 ಮತ್ತು 18ರ ಐಸೋಟೋಪ್‌ಗಳೂ ಅತ್ಯಲ್ಪ ಪ್ರಮಾಣದಲ್ಲಿವೆ ಎಂದು ತೋರಿಸಿದರು. ಅಳೆಯುವ ಕೋಲೇ ಮೂರು ಬಗೆಯದು ಎಂದಾಯಿತು. ಭೌತಶಾಸ್ತ್ರಜ್ಞರು ಆಮ್ಲಜನಕ-16 ಎಂಬ ಒಂದೇ ಐಸೋಟೋಪನ್ನು 16 ಎಂದರು. ರಸಾಯನಶಾಸ್ತ್ರಜ್ಞರು ಪ್ರಕೃತಿಯಲ್ಲಿ ಸಿಗುವ ಮಿಶ್ರಣವನ್ನೇ 16 ಎಂದು ಹಿಡಿದುಕೊಂಡರು. ಭೌತಶಾಸ್ತ್ರಜ್ಞರ ಲೆಕ್ಕದಲ್ಲಿ ಅದೇ ಮಿಶ್ರಣ 16.0044. ಮೂರು ದಶಕಗಳ ಕಾಲ ಎಲ್ಲ ಧಾತುವಿಗೂ ಎರಡೆರಡು ತೂಕ. ಒಂದರಿಂದ ಇನ್ನೊಂದಕ್ಕೆ ದಾಟಲು 1.000275ರಿಂದ ಗುಣಿಸಬೇಕಿತ್ತು.

ಆ ಗುಣಕವೂ ಗಟ್ಟಿಯಾಗಿ ನಿಲ್ಲಲಿಲ್ಲ. ಗಾಳಿಯ ಆಮ್ಲಜನಕ ನೀರಿನ ಆಮ್ಲಜನಕಕ್ಕಿಂತ ಕೊಂಚ ಭಾರ ಎಂದು ಮಾಲ್ಕಮ್ ಡೋಲ್ 1935ರಲ್ಲೇ ತೋರಿಸಿದ್ದರು. ಅಂದಮೇಲೆ ‘ಪ್ರಕೃತಿಯಲ್ಲಿ ಸಿಗುವ ಮಿಶ್ರಣ’ ಯಾವುದು? ಕೆರೆಯದೋ, ಗಾಳಿಯದೋ? ಆಧಾರವಾಗಿ ಹಿಡಿದ ವಸ್ತುವೇ ಅಲುಗಾಡುತ್ತಿತ್ತು. ಆದರೂ ಹಳೆಯ ಪದ್ಧತಿಯನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಭೌತಶಾಸ್ತ್ರಜ್ಞರ ಮಾನಕ್ಕೆ ಹೋದರೆ ಅಲ್ಲಿಯವರೆಗೆ ಮುದ್ರಿಸಿದ ಕೋಷ್ಟಕಗಳು ಹತ್ತು ಲಕ್ಷಕ್ಕೆ 275 ಭಾಗದಷ್ಟು ಬದಲಾಗಬೇಕು. ನೂರು ಟನ್ನಿನಲ್ಲಿ 27.5 ಕಿಲೋ. ನಿಖರವಾದ ಅಳತೆಗಳಿಗೆ ಇದು ಸಣ್ಣ ವ್ಯತ್ಯಾಸವಲ್ಲ, ಲಕ್ಷಾಂತರ ದತ್ತಾಂಶಗಳನ್ನು ತಿದ್ದುವ ಕೆಲಸ.

ದಾರಿ ತೋರಿದ್ದು ಮೂರನೆಯ ಧಾತು. 1957ರಲ್ಲಿ ಅಮೆರಿಕದ ಭೌತಶಾಸ್ತ್ರಜ್ಞ ಆಲ್ಫ್ರೆಡ್ ನೀಯರ್ ಮತ್ತು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಆರ್ನೆ ಓಲಾಂಡರ್ ಬೇರೆಬೇರೆಯಾಗಿಯೇ ಇಂಗಾಲ-12ನ್ನು 12 ಎಂದಿಟ್ಟುಕೊಳ್ಳೋಣ ಎಂದರು. ಆಗ ರಸಾಯನಶಾಸ್ತ್ರದ ಹಳೆಯ ಅಂಕಿಗಳು ಜರುಗುವುದು ಹತ್ತು ಲಕ್ಷಕ್ಕೆ 43 ಭಾಗ ಮಾತ್ರ. ಪ್ರಕೃತಿಯಲ್ಲಿ ಒಂದೇ ಐಸೋಟೋಪ್ ಇರುವ ಫ್ಲೋರಿನ್ ಕೂಡ ಪೈಪೋಟಿಯಲ್ಲಿತ್ತು. ಆದರೆ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಅಳೆಯುವ ದ್ರವ್ಯರಾಶಿ ರೋಹಿತಮಾಪಕದಲ್ಲಿ ಹೋಲಿಕೆಗೆ ಇಂಗಾಲದ ಸಂಯುಕ್ತಗಳು ಬೇಕಾದಷ್ಟು ಸಿಗುತ್ತವೆ, ಹಾಗಾಗಿ ಭೌತಶಾಸ್ತ್ರಜ್ಞರಿಗೆ ಇಂಗಾಲವೇ ಹಿತ. ಅವರ ಒಕ್ಕೂಟ 1960ರಲ್ಲಿ ಒಟಾವಾದಲ್ಲಿ, ರಸಾಯನಶಾಸ್ತ್ರಜ್ಞರ ಒಕ್ಕೂಟ 1961ರಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿಗೆ ಕೊಟ್ಟವು. ಆಮ್ಲಜನಕ 16ರಿಂದ 15.9994ಕ್ಕೆ ಇಳಿಯಿತು. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಕಳೆದುಕೊಂಡು ಇಬ್ಬರೂ ಗೆದ್ದ ಒಪ್ಪಂದ ಇದು. ವಿಜ್ಞಾನದ ಆಡಳಿತದಲ್ಲಿ ಇಷ್ಟು ಸೊಗಸಾದ ರಾಜಿ ನನಗೆ ಬೇರೆ ಕಂಡಿಲ್ಲ.

ಅಳೆಯುವ ಕೋಲು ನೇರವಾಯಿತು, ಸರಿ. ಅಳೆಯಬೇಕಾದ ಸರಕಿನ ಸಮಸ್ಯೆ ಹಾಗೆಯೇ ಉಳಿಯಿತು. ಗಂಧಕ ಎಲ್ಲ ಗಣಿಗಳಲ್ಲೂ ಒಂದೇ ತೂಕದ್ದಲ್ಲ ಎಂದು ಪಟ್ಟಿ 1951ರಲ್ಲೇ ±0.003 ಎಂದು ಸೇರಿಸಿಕೊಂಡಿತ್ತು. ನಂತರದ ಪಟ್ಟಿಗಳಲ್ಲಿ ಇಂಥ ವಿಷಯವೆಲ್ಲ ಅಡಿಟಿಪ್ಪಣಿಗೆ ಇಳಿಯಿತು. ಧಾತುವಿನ ಪಕ್ಕದಲ್ಲಿ ಪುಟ್ಟ ಅಕ್ಷರಗಳು: ‘ಜಿ’ ಇದ್ದರೆ ಭೂಮಿಯ ಕೆಲವು ವಿಶೇಷ ಮಾದರಿಗಳು ಪಟ್ಟಿಗೆ ಹೊಂದುವುದಿಲ್ಲ, ‘ಆರ್’ ಇದ್ದರೆ ಸಾಮಾನ್ಯ ಮಾದರಿಗಳಲ್ಲೇ ಏರಿಳಿತವಿದೆ. ಗ್ಯಾಬನ್ ದೇಶದ ಓಕ್ಲೋ ಗಣಿಯಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ತಾನಾಗಿಯೇ ಪರಮಾಣು ವಿದಳನ ನಡೆದು ಯುರೇನಿಯಂ-235 ಕಡಿಮೆಯಾಗಿರುವುದು 1972ರಲ್ಲಿ ಗೊತ್ತಾಯಿತು. ‘ಜಿ’ ಅಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮೂರನೆಯ ಅಕ್ಷರ ‘ಎಂ’. ಮಾರುಕಟ್ಟೆಯಲ್ಲಿ ಸಿಗುವ ವಸ್ತುವಿನ ಐಸೋಟೋಪ್ ಪ್ರಮಾಣ, ಬಹಿರಂಗಪಡಿಸದ ಅಥವಾ ಅರಿವಿಲ್ಲದೆ ನಡೆದ ಬೇರ್ಪಡಿಕೆಯಿಂದ ಬದಲಾಗಿರಬಹುದು ಎಂದು ಅದರ ಅರ್ಥ. ಈ ಅಕ್ಷರದ ಹಿಂದೆ ಲಿಥಿಯಂ ಇದೆ. ಪ್ರಕೃತಿಯ ಲಿಥಿಯಂನಲ್ಲಿ ಸುಮಾರು ಶೇ. 7.5ರಷ್ಟು ಲಿಥಿಯಂ-6, ಉಳಿದದ್ದು ಲಿಥಿಯಂ-7. ಜಲಜನಕ ಬಾಂಬಿಗೆ ಬೇಕಾದದ್ದು ಆ ಹಗುರವಾದ 6. 1950ರ ದಶಕದಲ್ಲಿ ಪಾದರಸದ ನೆರವಿನಿಂದ ಅದನ್ನು ಬೃಹತ್ ಪ್ರಮಾಣದಲ್ಲಿ ಬೇರ್ಪಡಿಸಲಾಯಿತು. ಮಿಕ್ಕಿದ್ದನ್ನು ಎಸೆಯಲಿಲ್ಲ. ಅದು ಸಾಮಾನ್ಯ ಲಿಥಿಯಂ ಸಂಯುಕ್ತಗಳ ರೂಪದಲ್ಲಿ ಮಾರುಕಟ್ಟೆಗೆ ಬಂತು, ಅಲ್ಲಿಂದ ಪ್ರಯೋಗಾಲಯಗಳ ಕಪಾಟಿಗೆ ಬಂತು. ಬಾಟಲಿಯ ಚೀಟಿಯ ಮೇಲೆ ಮುದ್ರಿಸಿದ್ದು ಪುಸ್ತಕದ ಅಂಕಿ, 6.94. ಒಳಗಿನ ಸರಕಿನ ತೂಕ 6.939ರಿಂದ 6.996ರವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು. ಅಂದರೆ ಶೇ. 0.8ರವರೆಗೆ ವ್ಯತ್ಯಾಸ. ನಾಲ್ಕನೇ ದಶಮಾಂಶಕ್ಕೆ ಜೀವ ತೇಯ್ದ ಸ್ಟಾಸ್ ಮತ್ತು ರಿಚರ್ಡ್ಸ್ ಅವರ ಪರಂಪರೆಯಲ್ಲಿ ಇದು ಸಣ್ಣ ತಪ್ಪಲ್ಲ. ಗುಟ್ಟಿನ ಕೆಲಸದ ಲೆಕ್ಕ, ಆ ಗುಟ್ಟಿಗೆ ಸಂಬಂಧವೇ ಇಲ್ಲದ ಸಂಶೋಧಕರ ತಕ್ಕಡಿಯಲ್ಲಿ ಬಂದು ಕೂತಿತು. ಅದು ಅಡಿಟಿಪ್ಪಣಿಯಲ್ಲಿ ಇರುವ ವಿಷಯವಲ್ಲ, ಪಟ್ಟಿಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಇರಬೇಕಾದ ವಿಷಯ.

ಅಡಿಟಿಪ್ಪಣಿಯಿಂದ ಮುಖ್ಯ ಕಾಲಮಿಗೆ ಬರಲು 2009ರವರೆಗೆ ಕಾಯಬೇಕಾಯಿತು. ಪರಮಾಣು ತೂಕದ ಅಂತರರಾಷ್ಟ್ರೀಯ ಆಯೋಗ ಆ ವರ್ಷ ಹತ್ತು ಧಾತುಗಳಿಗೆ ಒಂಟಿ ಅಂಕಿಯನ್ನು ಬಿಟ್ಟು ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಬರೆಯಲು ತೀರ್ಮಾನಿಸಿತು. ಮುಂದೆ ಮೆಗ್ನೀಸಿಯಂ, ಬ್ರೋಮಿನ್, ಆರ್ಗಾನ್, ಕೊನೆಗೆ ಸೀಸ ಸೇರಿದವು. ಲಿಥಿಯಂ ಈಗ 6.938ರಿಂದ 6.997. ಸೀಸದ್ದು ಎಲ್ಲಕ್ಕಿಂತ ದೊಡ್ಡ ಅಂತರ: 206.14ರಿಂದ 207.94. 1914ರ ತಕ್ಕಡಿ ಹೇಳಿದ ಮಾತು ಪಟ್ಟಿಗೆ ಏರಲು ನೂರು ವರ್ಷ ದಾಟಿತು.

ಏರಿಳಿತ ಅಂದರೆ ಅಳತೆಯ ಸೋಲು ಎಂದುಕೊಳ್ಳುವವರಿದ್ದಾರೆ. ಅದು ಹಾಗಲ್ಲ, ಅಳತೆ ಸುಧಾರಿಸಿದ್ದರಿಂದಲೇ ಏರಿಳಿತ ಕಂಡಿತು. ಆ ಏರಿಳಿತವೇ ಈಗ ಕೆಲಸಕ್ಕೆ ಬರುತ್ತಿದೆ. ರಾಗಿ, ಜೋಳ, ಕಬ್ಬು ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಭತ್ತದ ರೀತಿಗಿಂತ ಬೇರೆ. ಅವುಗಳಲ್ಲಿ ಇಂಗಾಲ-13 ಸ್ವಲ್ಪ ಹೆಚ್ಚು ಉಳಿಯುತ್ತದೆ. ಹಾಗಾಗಿ ಅಕ್ಕಿಯ ಇಂಗಾಲ ಸುಮಾರು 12.0108 ತೂಗಿದರೆ ರಾಗಿಯದು ಸುಮಾರು 12.0110. ಮುದ್ದೆಯ ಇಂಗಾಲಕ್ಕೂ ಅನ್ನದ ಇಂಗಾಲಕ್ಕೂ ನಾಲ್ಕನೇ ದಶಮಾಂಶದಲ್ಲಿ ವ್ಯತ್ಯಾಸ. ಜೇನುನೊಣ ಮಕರಂದ ಹೀರುವ ಗಿಡಗಳು ಹೆಚ್ಚಾಗಿ ಭತ್ತದ ಗುಂಪಿನವು. ಆದ್ದರಿಂದ ಜೇನಿಗೆ ಕಬ್ಬಿನ ಸಕ್ಕರೆ ಬೆರೆಸಿದರೆ ಈ ಅಂಕಿ ಮೇಲಕ್ಕೆ ಸರಿದು ಕಲಬೆರಕೆ ಬಯಲಾಗುತ್ತದೆ. ಕ್ರೀಡಾಪಟುವಿನ ಮೂತ್ರದಲ್ಲಿರುವ ಟೆಸ್ಟೋಸ್ಟಿರಾನ್ ಅವರ ದೇಹದ್ದೋ, ಕಾರ್ಖಾನೆಯದ್ದೋ ಎಂದು ಹೇಳುವುದೂ ಇಂಗಾಲದ ಇದೇ ಅನುಪಾತ.

ಎಲ್ಲ ಧಾತುಗಳೂ ಹೀಗೆ ಚಂಚಲವಲ್ಲ. ಚಿನ್ನ, ಸೋಡಿಯಂ, ಅಲ್ಯೂಮಿನಿಯಂ, ರಂಜಕ, ಫ್ಲೋರಿನ್‌ಗಳಿಗೆ ಪ್ರಕೃತಿಯಲ್ಲಿ ಒಂದೇ ಸ್ಥಿರ ಐಸೋಟೋಪ್, ಆದ್ದರಿಂದ ಒಂದೇ ತೂಕ. ಇನ್ನೊಂದು ತುದಿಯಲ್ಲಿ ಆರ್ಗಾನ್ ಇದೆ. ಅದು ಪೊಟ್ಯಾಸಿಯಂಗಿಂತ ಭಾರವಾಗಿದ್ದೂ ಕೋಷ್ಟಕದಲ್ಲಿ ಅದಕ್ಕಿಂತ ಮೊದಲೇ ಬರುವುದು ಏಕೆ ಎಂದು ಕೇಳುವವರಿಗೆ ಉತ್ತರ ಭೂಮಿಯ ಬಂಡೆಗಳಲ್ಲಿದೆ. ನಮ್ಮ ಗಾಳಿಯ ಆರ್ಗಾನ್ ಬಹುಪಾಲು ಪೊಟ್ಯಾಸಿಯಂ-40 ಕ್ಷಯಿಸಿ ಹುಟ್ಟಿದ ಭಾರದ ಆರ್ಗಾನ್-40. ಸೂರ್ಯನಲ್ಲಿ ಹೇರಳವಾಗಿರುವುದು ಹಗುರವಾದ ಆರ್ಗಾನ್-36. ಅಲ್ಲಿ ಕುಳಿತು ತೂಗಿದ್ದರೆ ಆ ತಕರಾರೇ ಹುಟ್ಟುತ್ತಿರಲಿಲ್ಲ.

ತರಗತಿಗೆ, ವ್ಯಾಪಾರಕ್ಕೆ ಎಂದು ಆಯೋಗ ಒಂಟಿ ಅಂಕಿಗಳನ್ನೂ ಉಳಿಸಿಕೊಟ್ಟಿದೆ: ಹೈಡ್ರೋಜನ್ 1.008, ಇಂಗಾಲ 12.011, ಆಮ್ಲಜನಕ 15.999, ಕ್ಲೋರಿನ್ 35.45, ಲಿಥಿಯಂ 6.94. ಪಿಯು ಲೆಕ್ಕಕ್ಕೆ ಇವು ಧಾರಾಳವಾಗಿ ಸಾಕು, 35.5 ಕೂಡ ತಪ್ಪಲ್ಲ. ನಿಖರತೆ ಬೇಕಾದ ಲಿಥಿಯಂ ಕೆಲಸಕ್ಕೆ ಮಾತ್ರ ಆಯೋಗದ ಸೂಚನೆ ಬೇರೆ: ಪಟ್ಟಿಯ ಬೆಲೆಯನ್ನು ಬಳಸಬೇಡಿ, ಕೈಯಲ್ಲಿರುವ ಬಾಟಲಿಯ ಮಾದರಿಯನ್ನೇ ಅಳೆಯಿರಿ.