ಒಂದೇ ಮನೆ, ಒಂದೇ ಅಡುಗೆ. ಬಾಯಿರುಚಿ ಮಾತ್ರ ಬೇರೆಬೇರೆ ಏಕೆ?

ಪ್ರಶ್ನೆ: ನನ್ನ ಮಗಳು ಆಲೂಗಡ್ಡೆ ಚಿಪ್ಸನ್ನು ಐಸ್‌ಕ್ರೀಮಿನಲ್ಲಿ ಅದ್ದಿ ತಿನ್ನುತ್ತಾಳೆ. ಯಜಮಾನರು ಹಾಲಿಲ್ಲದ ಕಾಫಿಗೆ ಚಿಟಿಕೆ ಉಪ್ಪು ಹಾಕಿಕೊಳ್ಳುತ್ತಾರೆ. ನಾಲ್ಕು ವರ್ಷದ ಮಗ, ತಟ್ಟೆಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಿದರೆ ಸಾಕು, ಊಟ ಬಿಟ್ಟು ಏಳುತ್ತಾನೆ. ಇವೆಲ್ಲ ಏಕೆ ಹೀಗೆ? ಆರೋಗ್ಯಕ್ಕೆ ತೊಂದರೆ ಇದೆಯೇ?

ಉತ್ತರ: ನೋಡುವವರಿಗೆ ವಿಚಿತ್ರವೆನಿಸುವ ಜೋಡಿಗಳಲ್ಲಿ ಹೆಚ್ಚಿನವು ತಿನ್ನುವವರ ನಾಲಿಗೆಗೆ ಸರಿಯಾಗಿಯೇ ಲೆಕ್ಕ ಹಾಕಿದ ಜೋಡಿಗಳಾಗಿರುತ್ತವೆ. ನಿಮ್ಮ ಯಜಮಾನರ ಕಾಫಿಯನ್ನೇ ತೆಗೆದುಕೊಳ್ಳೋಣ. ಉಪ್ಪಿನಲ್ಲಿರುವ ಸೋಡಿಯಂ ಕಹಿಯನ್ನು ಅಡಗಿಸುತ್ತದೆ. 1997ರಲ್ಲಿ ಬ್ರೆಸ್ಲಿನ್ ಮತ್ತು ಬೋಚಾಂಪ್ ಎಂಬ ವಿಜ್ಞಾನಿಗಳು ಕಹಿ ಮತ್ತು ಸಿಹಿ ಬೆರೆತ ದ್ರಾವಣಕ್ಕೆ ಸೋಡಿಯಂ ಲವಣವನ್ನು ಸೇರಿಸಿದಾಗ ಕಹಿ ತಗ್ಗಿ, ಅದರ ಕೆಳಗೆ ಮುಚ್ಚಿಹೋಗಿದ್ದ ಸಿಹಿ ಮೇಲೆದ್ದು ಬಂದಿತು. ನಂಬಿಕೆಯಾಗದಿದ್ದರೆ ಕಹಿಯಾದ ಕಾಫಿಯನ್ನು ಎರಡು ಲೋಟಗಳಿಗೆ ಬಗ್ಗಿಸಿ, ಒಂದಕ್ಕೆ ಮಾತ್ರ ಉಪ್ಪಿನ ರುಚಿ ತಿಳಿಯದಷ್ಟು ಕೆಲವೇ ಹರಳು ಹಾಕಿ ಕುಡಿದು ನೋಡಿ. ಅಣಕಿಸುವ ಉದ್ದೇಶದಿಂದಲೇ ಈ ಪರೀಕ್ಷೆಗೆ ಕುಳಿತ ನಾನು ಎರಡನೆಯ ಲೋಟವನ್ನು ತಳದವರೆಗೆ ಕುಡಿದು ಮುಗಿಸಿದೆ.

ಮಗಳ ಜೋಡಿಯ ಗುಟ್ಟು ಬೇರೆ. ಒಂದೇ ತಿನಿಸನ್ನು ತಿನ್ನುತ್ತ ಹೋದಂತೆ ಅದರ ಮೇಲಿನ ಆಸೆ ಇಳಿಯುತ್ತದೆ, ಆದರೆ ಇನ್ನೂ ಬಾಯಿಗೆ ಹಾಕದ ತಿನಿಸಿನ ಮೇಲಿನ ಆಸೆ ಅಷ್ಟಾಗಿ ಇಳಿಯುವುದಿಲ್ಲ ಎಂಬುದನ್ನು ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದರು. ಹೊಟ್ಟೆ ಬಿರಿಯುವಂತೆ ಉಂಡವರಿಗೂ ಸಿಹಿತಿಂಡಿಗೆ ಜಾಗ ಸಿಗುವುದು ಇದೇ ಕಾರಣಕ್ಕೆ. ಉಪ್ಪು ಮತ್ತು ಸಿಹಿ, ಗರಿಗರಿ ಮತ್ತು ನುಣುಪು ಒಂದರ ಹಿಂದೆ ಒಂದು ಬರುತ್ತಿದ್ದರೆ ನಾಲಿಗೆಗೆ ಬೇಸರ ಬರುವ ಅವಕಾಶವೇ ಇರುವುದಿಲ್ಲ. ಆದ್ದರಿಂದ ಇಲ್ಲಿ ಚಿಂತಿಸಬೇಕಾದದ್ದು ಜೋಡಿಯ ಬಗ್ಗೆ ಅಲ್ಲ, ಪ್ರಮಾಣದ ಬಗ್ಗೆ.

ಒಂದೇ ಒಲೆಯ ಅಡುಗೆ ಉಂಡವರಲ್ಲಿ ಇಷ್ಟು ವ್ಯತ್ಯಾಸ ಏಕೆಂದರೆ, ಅವರು ಸವಿಯುತ್ತಿರುವುದು ನಿಜಕ್ಕೂ ಒಂದೇ ರುಚಿಯನ್ನಲ್ಲ. 1931ರ ಸುಮಾರಿಗೆ ಅಮೆರಿಕದ ರಸಾಯನವಿಜ್ಞಾನಿ ಆರ್ಥರ್ ಫಾಕ್ಸ್ ಅವರ ಪ್ರಯೋಗಾಲಯದಲ್ಲಿ ಪಿಟಿಸಿ (ಫಿನೈಲ್‌ಥಯೋಕಾರ್ಬಮೈಡ್) ಎಂಬ ರಾಸಾಯನಿಕದ ಪುಡಿ ಗಾಳಿಗೆ ಹಾರಿದಾಗ, ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿಯಾಯಿತೆಂದು ದೂರಿದರು. ಫಾಕ್ಸ್ ಅವರಿಗೆ ಏನೂ ಅನಿಸಲಿಲ್ಲ. ಈ ಭೇದಕ್ಕೆ ಮುಖ್ಯ ಕಾರಣವಾದ ಜೀನ್ 2003ರಲ್ಲಿ ಪತ್ತೆಯಾಯಿತು. ಅದರ ಬೇರೆಬೇರೆ ರೂಪಗಳು ಒಡಹುಟ್ಟಿದವರಿಗೆ ಬೇರೆಬೇರೆ ಹಂಚಿಕೆಯಾಗಬಹುದಾದ್ದರಿಂದ, ಪಿಟಿಸಿಯನ್ನು ಹೋಲುವ ಕಹಿ ಅಂಶಗಳಿರುವ ಕೋಸಿನ ಜಾತಿಯ ತರಕಾರಿ ಅಣ್ಣನಿಗೆ ಸಪ್ಪೆಯಾಗಿಯೂ ತಂಗಿಗೆ ಕಹಿಯಾಗಿಯೂ ಇರುವುದು ಸಾಧ್ಯ. ಇದಕ್ಕೆ ಅನುಭವದ ಪಾಲೂ ಸೇರುತ್ತದೆ. ತಿಂದ ಸ್ವಲ್ಪ ಹೊತ್ತಿಗೆ ವಾಂತಿಯಾದರೆ, ಆ ತಿನಿಸಿನ ತಪ್ಪು ಏನೂ ಇಲ್ಲದಿದ್ದರೂ, ಅದು ವರ್ಷಗಟ್ಟಲೆ ಬೇಡವಾಗಿಬಿಡಬಹುದು. ಗರ್ಭಿಣಿಯರು ಕುಡಿದ ಕ್ಯಾರೆಟ್ ರಸದ ಪರಿಮಳವನ್ನು ಅವರ ಮಕ್ಕಳು ಮುಂದೆ ಮೆತ್ತನೆಯ ಆಹಾರದಲ್ಲಿ ಹೆಚ್ಚು ಮುಖ ಸಿಂಡರಿಸದೆ ಒಪ್ಪಿಕೊಂಡರೆಂದು 2001ರ ಅಧ್ಯಯನವೊಂದು ತಿಳಿಸಿತು. ಅಂದರೆ ರುಚಿಯ ಪರಿಚಯ ಹುಟ್ಟುವ ಮೊದಲೇ ಶುರುವಾಗಿರುತ್ತದೆ.

ಇನ್ನು ಮಗನ ವಿಷಯ. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೊಸ ಆಹಾರದ ಭಯ ಹೆಚ್ಚಿರುತ್ತದೆ, ಮತ್ತು ಸಾರಿನ ಒಂದು ಹನಿ ಅನ್ನಕ್ಕೆ ಸೋಕಿದರೂ ಅದು ಅವರಿಗೆ ಪರಿಚಯವಿಲ್ಲದ ಮೂರನೆಯ ಪದಾರ್ಥವಾಗಿ ಕಾಣಬಹುದು. ಒತ್ತಾಯ ಮಾಡಿದಷ್ಟೂ ಹಠ ಬೆಳೆಯುತ್ತದೆ. ಬೇರೆಬೇರೆ ಬಟ್ಟಲಲ್ಲಿ ಬಡಿಸಿ, ಹೊಸದನ್ನು ಒಂದು ತುತ್ತಿನಷ್ಟು ಮಾತ್ರ ಪಕ್ಕದಲ್ಲಿಟ್ಟು, ತಿಂದರೂ ಬಿಟ್ಟರೂ ಮಾತಾಡದೆ ಇರಿ. ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ, ಹೀಗೆ ಎದುರಿಗಿಟ್ಟ ಮೇಲೆ ಅನೇಕ ಮಕ್ಕಳು ತಾವಾಗಿಯೇ ಕೈ ಹಾಕುತ್ತಾರೆ. ತೂಕ ಇಳಿಯುತ್ತಿದ್ದರೆ, ಅಥವಾ ತಿನ್ನುವ ಪದಾರ್ಥಗಳ ಸಂಖ್ಯೆ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿದ್ದರೆ ಮಾತ್ರ ಅದನ್ನು ಹಠವೆಂದು ತಳ್ಳಿಹಾಕದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಆರೋಗ್ಯದ ಭಯದ ವಿಚಾರದಲ್ಲಿ ಜನ ಸಾಮಾನ್ಯವಾಗಿ ತಪ್ಪು ಕಡೆ ನೋಡುತ್ತಾರೆಂದು ನನಗೆ ಅನಿಸುತ್ತದೆ. ಹಾಲಿನ ಜೊತೆ ಹುಳಿ ಹಣ್ಣು ತಿಂದರೆ ಹಾಲು ಒಡೆಯುತ್ತದೆಂಬುದು ನಿಜ, ಆದರೆ ಬರೀ ಹಾಲು ಕುಡಿದರೂ ಜಠರದ ಆಮ್ಲ ಅದನ್ನು ಒಡೆದೇ ತೀರುತ್ತದೆ. ನಿಜವಾದ ಅಪಾಯವಿರುವುದು ಆಹಾರ ಮತ್ತು ಔಷಧಿಯ ಜೋಡಿಯಲ್ಲಿ. ಫೆಲೋಡಿಪಿನ್ ಎಂಬ ರಕ್ತದೊತ್ತಡದ ಔಷಧಿಯ ಮೇಲೆ ಮದ್ಯದ ಪರಿಣಾಮವೇನೆಂದು ನೋಡುವ ಪ್ರಯೋಗದಲ್ಲಿ ಆ ಮದ್ಯದ ರುಚಿಯನ್ನು ಮರೆಸಲೆಂದು, ಚಕ್ಕೋತದ ಜಾತಿಗೆ ಸೇರಿದ ಗ್ರೇಪ್‌ಫ್ರೂಟ್ ರಸವನ್ನು ಬೆರೆಸಿದ್ದ ಕೆನಡಾದ ಸಂಶೋಧಕರಿಗೆ, ರಕ್ತದಲ್ಲಿ ಔಷಧಿಯ ಮಟ್ಟ ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿ ಕಂಡಿತು. ಔಷಧಿಯನ್ನು ಒಡೆಯುವ ಕರುಳಿನ ಕಿಣ್ವವನ್ನು ಆ ರಸ ತಡೆಯುತ್ತದೆ. ಕೊಲೆಸ್ಟರಾಲ್ ಇಳಿಸುವ ಕೆಲವು ಸ್ಟ್ಯಾಟಿನ್ ಮಾತ್ರೆಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆಯನ್ನು ಹಾಲಿನ ಜೊತೆ ನುಂಗಿದರೆ ಇದಕ್ಕೆ ವಿರುದ್ಧವಾಗಿ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕಿ, ಔಷಧಿ ದೇಹಕ್ಕೆ ಸಾಕಷ್ಟು ಸೇರುವುದಿಲ್ಲ. ಮನೆಯವರಲ್ಲಿ ಯಾರಾದರೂ ಸೀಮೆಸುಣ್ಣ, ಮಣ್ಣು ಅಥವಾ ಮಂಜುಗಡ್ಡೆಯನ್ನು ತಿಂಗಳಿಗೂ ಹೆಚ್ಚು ಕಾಲ ಬಿಡದೆ ತಿನ್ನುತ್ತಿದ್ದರೆ ಅದು ಬಾಯಿಚಪಲವಲ್ಲ; ಕಬ್ಬಿಣದ ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ.

ಯಜಮಾನರಿಗೆ ರಕ್ತದೊತ್ತಡ ಇದ್ದರೆ ಅವರ ಕಾಫಿಯ ಚಿಟಿಕೆಯೂ ದಿನದ ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ, ಎಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ನಾಲ್ಕು ಲೋಟ ಕಾಫಿಗೆ ನಾಲ್ಕು ಚಿಟಿಕೆ ಹಾಕುವವರು ಆ ದಿನ ಊಟದ ಎಲೆಯಲ್ಲಿ ಅಷ್ಟನ್ನು ಕಡಿಮೆ ಮಾಡಿಕೊಳ್ಳಬೇಕು.