ಗಂಜಿನ ಗೋದಾಮು ಅರ್ಧ ಖಾಲಿ ಯಾಕೆ?

2023ರ ಸೆಪ್ಟೆಂಬರ್ ಕೊನೆಯ ವಾರ. ರಾತ್ರಿ ಊಟಕ್ಕೆ ಕೂತಿದ್ದೆ. ಕಲಬುರಗಿಯ ಸಗಟು ಮಾರುಕಟ್ಟೆ ನೆಹರು ಗಂಜಿನ ಒಬ್ಬ ತೊಗರಿ ವ್ಯಾಪಾರಿಯ ಫೋನ್ ಬಂತು. ಹದಿನೈದು ವರ್ಷದಿಂದ ಅವರ ಲೆಕ್ಕಪತ್ರ ನೋಡುತ್ತಿದ್ದೇನೆ. ಸುಲಭಕ್ಕೆ ಸಿಟ್ಟಾಗುವವರಲ್ಲ. ಅವತ್ತು ಮಾತ್ರ ದನಿ ಏರಿತ್ತು.

“ಸಾಹೇಬ್ರ, ಇನ್ನೂರು ಟನ್ ಇದ್ದದ್ದು ಐವತ್ತಾಯ್ತಂತಲ್ರಿ. ಒಳಗಿನ ಮಾಲು ಏನ್ ಮಾಡ್ಲಿ? ರಸ್ತೆಗೆ ಸುರೀಲೇನ್ರಿ?”

ಅವರು ಹೇಳುತ್ತಿದ್ದುದು ದಾಸ್ತಾನು ಮಿತಿಯ ವಿಷಯ. ಅದೇ ವರ್ಷ ಜೂನ್ 2ರಂದು ಕೇಂದ್ರ ಸರ್ಕಾರ ಒಂದು ಆದೇಶ ಹೊರಡಿಸಿತ್ತು. ಸಗಟು ವ್ಯಾಪಾರಿ 200 ಟನ್‌ಗಿಂತ ಜಾಸ್ತಿ ತೊಗರಿ ಇಟ್ಟುಕೊಳ್ಳುವಂತಿಲ್ಲ. ಚಿಲ್ಲರೆ ಅಂಗಡಿಗೆ 5 ಟನ್. ದಾಲ್ ಮಿಲ್‌ಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವರ್ಷದ ಸಾಮರ್ಥ್ಯದ ಶೇ 25, ಯಾವುದು ಜಾಸ್ತಿಯೋ ಅದು. ಸೆಪ್ಟೆಂಬರ್‌ನಲ್ಲಿ ಸಗಟು ಮಿತಿ 50 ಟನ್‌ಗೆ ಇಳಿಯಿತು, ಮಿಲ್‌ನದು ಶೇ 10ಕ್ಕೆ. 50 ಟನ್ ಅಂದರೆ ಎರಡು ಮೂರು ಲಾರಿ ಲೋಡು, ಅಷ್ಟೇ. ನವೆಂಬರ್ ಮೊದಲ ವಾರದಲ್ಲಿ ಅದು ಮತ್ತೆ 200 ಆಯಿತು. ಐದು ತಿಂಗಳಲ್ಲಿ ಮೂರು ಲೆಕ್ಕ.

ವಾರಕ್ಕೊಮ್ಮೆ ಯಾರ ಗೋದಾಮಿನಲ್ಲಿ ಎಷ್ಟಿದೆ ಅಂತ ಸರ್ಕಾರದ ಪೋರ್ಟಲ್‌ಗೆ ಹಾಕಬೇಕಿತ್ತು. ನಮ್ಮ ಆಫೀಸಿನಲ್ಲಿ ಅದಕ್ಕೆ ಶುಕ್ರವಾರ ಗೊತ್ತು ಮಾಡಿದ್ದೆವು. ದೊಡ್ಡ ಮಿಲ್‌ಗಳಲ್ಲಿ ಇದಕ್ಕೇ ಒಬ್ಬ ಹುಡುಗ, ಒಂದು ಕಂಪ್ಯೂಟರ್ ಇರುತ್ತದೆ. ಸಣ್ಣ ಅಡತಿಯವರ, ಅಂದರೆ ಕಮಿಷನ್ ಏಜೆಂಟರ ಹತ್ತಿರ ಇರುವುದು ಒಬ್ಬ ಮುನೀಮ, ಒಂದು ಕೆಂಪು ಬಟ್ಟೆಯ ಖಾತೆ ಪುಸ್ತಕ. ಅವರು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು, ನಮ್ಮವರು ಟೈಪ್ ಮಾಡುತ್ತಿದ್ದರು. ಆ ಕೆಲಸಕ್ಕೆ ನನಗೆ ಫೀಸು ಸಿಕ್ಕಿದೆ. ನಿಯಮ ಹೆಚ್ಚಿದಷ್ಟೂ ನನ್ನಂಥವರಿಗೆ ಲಾಭ. ಮುಂದಿನದನ್ನು ಓದುವಾಗ ಇದು ನೆನಪಿರಲಿ. ನಾನು ನನ್ನ ಹೊಟ್ಟೆಗೆ ವಿರುದ್ಧವಾದ ಮಾತನ್ನೇ ಹೇಳಲು ಹೊರಟಿದ್ದೇನೆ.

ಆದೇಶದ ಹಿಂದಿನ ಆತಂಕ ಸುಳ್ಳಲ್ಲ. ಬೇಳೆ ಕೆಜಿಗೆ 150 ದಾಟಿತ್ತು. ಮನೆಯಲ್ಲಿ ಸಾರು ತೆಳ್ಳಗಾಗಿತ್ತು. ವ್ಯಾಪಾರಿಗಳು ಬಚ್ಚಿಟ್ಟಿದ್ದಾರೆ ಅನ್ನುವ ಮಾತು ಇಂಥ ಹೊತ್ತಲ್ಲಿ ಬೇಗ ಹಬ್ಬುತ್ತದೆ. ಆದರೆ ಹಿಂದಿನ ಹಂಗಾಮಿನಲ್ಲಿ ಆಗಿದ್ದೇನು? ನೆಟೆ ರೋಗ ಬಂದು ಆಳಂದ, ಅಫಜಲಪುರ, ಜೇವರ್ಗಿ ಕಡೆ ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದ್ದವು. ಹೊಲದಲ್ಲೇ ಇಲ್ಲದ ತೊಗರಿಯನ್ನು ಗೋದಾಮಿನಲ್ಲಿ ಹುಡುಕಿದರೆ ಹೇಗೆ ಸಿಗುತ್ತದೆ?

ನಮ್ಮ ಕಡೆ ಹಳೆಯ ಮನೆಗಳಲ್ಲಿ ಹಗೇವು ಇರುತ್ತಿದ್ದವು. ನೆಲದೊಳಗೆ ತೋಡಿದ ಕಣಜ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಬಿಟ್ಟರೆ ವರ್ಷಗಟ್ಟಲೆ ಉಳಿಯುತ್ತಿತ್ತು. ಮಳೆ ಕೈಕೊಟ್ಟ ವರ್ಷ ತೆಗೆಯುತ್ತಿದ್ದರು. ನಮ್ಮ ಅಜ್ಜಿಯ ಊರಲ್ಲಿ ಹಗೇವು ಇದ್ದ ಮನೆಗೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಬೇಸಿಗೆಯಲ್ಲೇ ವರ್ಷದ ಬೇಳೆ ಮಾಡಿಸಿ ಡಬ್ಬಿಗೆ ತುಂಬುತ್ತಾರೆ. ಮನೆಯಲ್ಲಿಟ್ಟರೆ ಜಾಣತನ, ಗಂಜಿನಲ್ಲಿಟ್ಟರೆ ಅಪರಾಧ ಅಂದರೆ ಸ್ವಲ್ಪ ವಿಚಿತ್ರ ಅಲ್ವಾ?

ತೊಗರಿ ಬರುವುದು ವರ್ಷಕ್ಕೊಮ್ಮೆ. ಜೂನ್, ಜುಲೈನಲ್ಲಿ ಬಿತ್ತಿದ್ದು ಡಿಸೆಂಬರ್, ಜನವರಿಗೆ ರಾಶಿಯಾಗುತ್ತದೆ. ತಿನ್ನುವುದು ಹನ್ನೆರಡು ತಿಂಗಳು. ಜನವರಿಯ ಕಾಳನ್ನು ಆಗಸ್ಟ್‌ವರೆಗೆ ಯಾರಾದರೂ ಕಾಯಲೇಬೇಕು. ರೈತನಿಗೆ ಕಾಯಲು ಆಗುವುದಿಲ್ಲ. ಸೊಸೈಟಿ ಕಂತು, ಗೊಬ್ಬರದ ಅಂಗಡಿ ಬಾಕಿ, ಮನೆಯಲ್ಲೊಂದು ಮದುವೆ. ಎಲ್ಲರೂ ಒಮ್ಮೆಲೇ ಗಂಜಿಗೆ ತರುತ್ತಾರೆ. ಆಗ ಕೊಳ್ಳುವವನು ಇದ್ದರೆ ದರ ನಿಲ್ಲುತ್ತದೆ. ಅವನೇ ಆಗಸ್ಟ್‌ನಲ್ಲಿ ಮಾರಿದರೆ ಆಗಿನ ದರ ಸ್ವಲ್ಪ ತಗ್ಗುತ್ತದೆ. ನಡುವೆ ಬ್ಯಾಂಕ್ ಬಡ್ಡಿ ಅವನದು, ಹುಳ ಹಿಡಿದರೆ ನಷ್ಟ ಅವನದು, ಒಣಗಿ ತೂಕ ಕಮ್ಮಿಯಾದರೂ ಅವನದೇ. ಲೆಕ್ಕ ತಪ್ಪಿದರೆ ಮುಳುಗುತ್ತಾನೆ. 2015ರ ಅಕ್ಟೋಬರ್‌ನಲ್ಲಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿದಾಗ ದರ ಇನ್ನೂ ಏರುತ್ತದೆ ಅಂತ ಮಾಲು ಹಿಡಿದವರು ಮುಂದೆ ಹೇಗೆ ಕೈ ಸುಟ್ಟುಕೊಂಡರು ಅಂತ ಅವರ ಖಾತೆಗಳಲ್ಲೇ ನೋಡಿದ್ದೇನೆ.

ದಾಸ್ತಾನು ಮಿತಿ ಮಳೆಗಾಲದಲ್ಲಿ ಬಂತು, ರಾಶಿಯ ಹೊತ್ತಿಗೆ ಹೋಯಿತು, ಹಾಗಾಗಿ ರೈತನಿಗೆ ತೊಂದರೆ ಇಲ್ಲ ಅಂತ ಕೆಲವರು ವಾದಿಸುತ್ತಾರೆ. ಗಂಜಿನಲ್ಲಿ ಒಂದು ಜನವರಿ ಕೂತು ನೋಡಿ, ಆಮೇಲೆ ಹೇಳಿ. 2021ರಲ್ಲಿ ಜುಲೈನಲ್ಲಿ ಮಿತಿ ಬಂತು. 2023ರಲ್ಲಿ ಜೂನ್‌ನಲ್ಲಿ. 2024ರಲ್ಲಿ ಮತ್ತೆ ಜೂನ್‌ನಲ್ಲಿ, ಆ ಸಲ ತೊಗರಿಯ ಜೊತೆ ಕಡಲೆಗೂ. ಇದನ್ನು ಕಂಡ ವ್ಯಾಪಾರಿ ಜನವರಿಯಲ್ಲಿ ಎಷ್ಟು ಕೊಳ್ಳುತ್ತಾನೆ? ಜೂನ್‌ನಲ್ಲಿ ಹೆದರಿ ಮಾರಬೇಕಾದರೆ ಎಷ್ಟು ತಡೆಯಬಹುದೋ ಅಷ್ಟೇ. ಆದೇಶ ಜಾರಿಯಲ್ಲಿ ಇಲ್ಲದ ತಿಂಗಳಲ್ಲೂ ಅದರ ಭಯ ಗೋದಾಮಿನಲ್ಲಿ ಕೂತಿರುತ್ತದೆ. ಆ ಭಯದ ದುಡ್ಡು ರೈತನ ಮಾರಾಟದ ಪಟ್ಟಿಯಲ್ಲಿ ಕಡಿತವಾಗುತ್ತದೆ, ಯಾವ ಕಾಲಮ್ಮಿನಲ್ಲೂ ಕಾಣದೆ.

ಆಳಂದ ತಾಲ್ಲೂಕಿನಲ್ಲಿ ನನ್ನ ಅಕ್ಕನ ಗಂಡ ಹನ್ನೆರಡು ಎಕರೆ ತೊಗರಿ ಮಾಡುತ್ತಾರೆ. ನಾನು ಈ ಮಾತು ಶುರು ಮಾಡಿದರೆ ಅವರು ಎಲೆಅಡಿಕೆ ಚೀಲ ತೆಗೆಯುತ್ತಾರೆ. ಅಂದರೆ ವಾದಕ್ಕೆ ಸಿದ್ಧ ಅಂತ ಅರ್ಥ. ಹೋದ ಸಲ ಹೇಳಿದರು: “ತಮ್ಮಾ, ನಿನ್ನ ಮಾರ್ಕೆಟ್ ಪುರಾಣ ಸಾಕು ಮಾಡು. ನನಗ ಎಂಟು ಸಾವಿರ ಯಾರು ಕೊಡ್ತಾರ, ಅದನ್ ಹೇಳು.”

ಅವರ ಸಿಟ್ಟಿಗೆ ಕಾರಣವಿದೆ. 2025ರ ಜನವರಿ, ಫೆಬ್ರವರಿಯಲ್ಲಿ ಗಂಜಿನ ದರ ಕ್ವಿಂಟಲ್‌ಗೆ ಬೆಂಬಲ ಬೆಲೆ 7,550 ರೂಪಾಯಿಗಿಂತ ಕೆಳಗೆ ಬಿದ್ದಿತ್ತು. ರಾಜ್ಯ ಸರ್ಕಾರ 450 ಸೇರಿಸಿ 8,000 ಅಂತ ಹೇಳಿತು. ಆ 8,000 ಸಿಗಬೇಕಾದರೆ ನೋಂದಣಿ, ಎಕರೆಗೆ ಇಷ್ಟೇ ಅನ್ನುವ ಮಿತಿ, ತೇವಾಂಶದ ಪರೀಕ್ಷೆ, ಆಮೇಲೆ ಹಣಕ್ಕೆ ಕಾಯುವುದು. ಅವರು ಅರ್ಧ ಅಲ್ಲಿ ಕೊಟ್ಟರು, ಅರ್ಧ ಗಂಜಿಗೆ ತಂದರು.

ನಾನು ಅವರಿಗೆ ಹೇಳಿದ್ದು ಇಷ್ಟು. “ಮಾಮಾ, 2006ರಿಂದ 2017ರ ಸೆಪ್ಟೆಂಬರ್‌ವರೆಗೆ ತೊಗರಿಯನ್ನು ಹೊರದೇಶಕ್ಕೆ ಕಳಿಸಲು ಬಿಡಲೇ ಇಲ್ಲ. 2007ರ ಜನವರಿಯಲ್ಲಿ ವಾಯದಾ ವ್ಯಾಪಾರವನ್ನೂ, ಅಂದರೆ ಮುಂದೆ ಕೊಡುವ ಮಾಲಿಗೆ ಇವತ್ತೇ ದರ ಕಟ್ಟುವುದನ್ನೂ, ನಿಲ್ಲಿಸಿದರು. ಬಿತ್ತುವಾಗ ಮುಂದಿನ ದರದ ಒಂದು ಅಂದಾಜು ಸಿಗಬಹುದಿತ್ತು, ಅದೂ ಹೋಯಿತು. ಹೊರಗಿನ ಕಾಳು ಒಳಗೆ ಬರಲು ಮಾತ್ರ ಬಾಗಿಲು ತೆರೆದೇ ಇತ್ತು.” ನೆನಪಿರಬಹುದು, 2015ರ ದರ ನೋಡಿ ಎಲ್ಲರೂ ತೊಗರಿ ಬಿತ್ತಿದರು. 2017ರ ಶುರುವಿನಲ್ಲಿ ದರ ಬೆಂಬಲ ಬೆಲೆ 5,050ನ್ನೂ ಮುಟ್ಟಲಿಲ್ಲ. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಾಗ ರಫ್ತಿನ ಬಾಗಿಲು ಇನ್ನೂ ಮುಚ್ಚಿತ್ತು. ಅದನ್ನು ತೆಗೆದದ್ದು ರಾಶಿಯೆಲ್ಲ ಮಾರಿ ಹೋದ ಮೇಲೆ.

ದರ ಏರುವಾಗ ಅದನ್ನು ತಡೆಯಲು ಸರ್ಕಾರ ಬರುತ್ತದೆ. ಇಳಿಯುವಾಗ ಎತ್ತಿ ಹಿಡಿ ಅಂತ ರೈತ ಅದೇ ಸರ್ಕಾರವನ್ನು ಕೇಳುತ್ತಾನೆ. ಕೇಳುವುದರಲ್ಲಿ ತಪ್ಪೇನಿದೆ? ಏರಿಕೆಯ ಲಾಭ ಕಿತ್ತುಕೊಂಡವರು ಇಳಿಕೆಯ ನಷ್ಟವನ್ನೂ ಹೊರಬೇಕು. ಬೆಂಬಲ ಬೆಲೆಯನ್ನು ನಾನು ಹೀಗೆ ನೋಡುತ್ತೇನೆ: ಅದು ದಾಸ್ತಾನು ಮಿತಿಗೂ ರಫ್ತು ನಿಷೇಧಕ್ಕೂ ರೈತ ಕಳಿಸುವ ಬಿಲ್ಲು. ಮೊದಲು ಆ ಎರಡರ ಭಯವನ್ನೂ ಪೂರ್ತಿ ತೆಗೆಯಲಿ, ಆಮೇಲೆ ಬಿಲ್ಲಿನ ಮೊತ್ತ ಮಾತಾಡೋಣ. ಮಾಮಾ ಇದಕ್ಕೆ ಒಪ್ಪಿದರಾ? ಎಲೆಗೆ ಸುಣ್ಣ ಹಚ್ಚುತ್ತಾ, “ಮೊದಲು ಅವರು ತೆಗೀಲಿ” ಅಂದರು.

ಸರ್ಕಾರ ಕೈ ತೆಗೆದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಹಳೆಯ ಉದಾಹರಣೆ ಇದೆ. ನಮ್ಮಪ್ಪ ಮನೆ ಕಟ್ಟಿಸಿದ್ದು 1979ರಲ್ಲಿ. ಆಗ ಸಿಮೆಂಟಿಗೆ ಪರ್ಮಿಟ್ ಬೇಕು. ಅರ್ಜಿ ಹಾಕಿ, ಮನೆಯ ನಕ್ಷೆ ತೋರಿಸಿ, ಸಾಹೇಬರ ಸಹಿಗೆ ಕಾಯಬೇಕು. ನಾನು ಸಣ್ಣವನು, ಅಪ್ಪನ ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂತು ಆ ಆಫೀಸಿಗೆ ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಲ್ಲ. ತಮಾಷೆ ನೋಡಿ, ಸಿಮೆಂಟ್ ತಯಾರಾಗುತ್ತಿದ್ದುದು ಇಲ್ಲೇ ಪಕ್ಕದ ಶಹಾಬಾದಿನಲ್ಲಿ, ವಾಡಿಯಲ್ಲಿ. ರೈಲಿನಲ್ಲಿ ಹೋಗುವಾಗ ಬೇವಿನ ಎಲೆಯ ಮೇಲೆ ಅದರ ಬೂದಿ ಕಾಣುತ್ತಿತ್ತು. ಮನೆಗೆ ಮಾತ್ರ ಹತ್ತು ಚೀಲ ಸಿಗಲಿಲ್ಲ. ಅದೇ ಶಹಾಬಾದಿನ ಫರ್ಸಿ ಕಲ್ಲಿಗೆ ಯಾವ ಪರ್ಮಿಟ್ಟೂ ಇರಲಿಲ್ಲ. ದುಡ್ಡು ಕೊಟ್ಟ ವಾರದಲ್ಲೇ ಗಾಡಿಯಲ್ಲಿ ಬಂತು. ನಮ್ಮ ಮನೆಯ ನೆಲ ಮೊದಲು ಮುಗಿಯಿತು, ತಾರಸಿ ಆಮೇಲೆ.

ಸಿಮೆಂಟಿನ ದರವನ್ನು ಸರ್ಕಾರವೇ ಗೊತ್ತು ಮಾಡುತ್ತಿತ್ತು. ಆ ದರಕ್ಕೆ ಹೊಸ ಕಾರ್ಖಾನೆ ಹಾಕುವುದು ಅಷ್ಟಾಗಿ ಗಿಟ್ಟುತ್ತಿರಲಿಲ್ಲ. 1982ರಲ್ಲಿ ಅರ್ಧಂಬರ್ಧ ಬಿಟ್ಟರು. ಒಂದು ಪಾಲನ್ನು ಸರ್ಕಾರದ ದರಕ್ಕೆ ಕೊಡಬೇಕು, ಉಳಿದದ್ದನ್ನು ಮುಕ್ತವಾಗಿ ಮಾರಬಹುದು. 1989ರಲ್ಲಿ ಪೂರ್ತಿ ಬಿಟ್ಟರು. ಆ ದಶಕದಲ್ಲೇ ಸೇಡಂ, ಮಳಖೇಡದಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ನೆಲದಡಿಯ ಸುಣ್ಣದ ಕಲ್ಲು ರಾಷ್ಟ್ರಕೂಟರ ಕಾಲದಲ್ಲೂ ಇತ್ತು, ಹೊಸದಾಗಿ ಹುಟ್ಟಲಿಲ್ಲ. ಬದಲಾದದ್ದು ನಿಯಮ. ಇವತ್ತು ಕಲಬುರಗಿಯಲ್ಲಿ ಒಂದು ಫೋನ್ ಮಾಡಿದರೆ ಸಿಮೆಂಟ್ ಮನೆ ಬಾಗಿಲಿಗೆ ಬರುತ್ತದೆ, ಉದ್ರಿಗೂ ಕೊಡುತ್ತಾರೆ.

ಹಾಗಂತ ಕಂಪನಿಗಳೆಲ್ಲ ಸಾಧುಗಳಾಗಲಿಲ್ಲ. 2012ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಒಳಒಪ್ಪಂದ ಮಾಡಿಕೊಂಡರೆಂದು ಸಿಮೆಂಟ್ ಕಂಪನಿಗಳಿಗೆ 6,000 ಕೋಟಿಗೂ ಜಾಸ್ತಿ ದಂಡ ಹಾಕಿತು. ಅವರು ಮೇಲ್ಮನವಿಗೆ ಹೋದರು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ನನ್ನ ತಕರಾರು ಇರುವುದು ಇಲ್ಲೇ. ಸರ್ಕಾರ ಕುಸ್ತಿಯ ಅಖಾಡದಲ್ಲಿ ತೀರ್ಪುಗಾರ ಆಗಬೇಕು. ನಮ್ಮಲ್ಲಿ ಅದು ತಾನೇ ಲಂಗೋಟಿ ಕಟ್ಟಿ ಇಳಿಯುತ್ತದೆ. ಆದ್ದರಿಂದ ಸೀಟಿ ಊದುವ ಕೆಲಸಕ್ಕೆ ಜನ ಸಾಲುವುದಿಲ್ಲ.

ಗಂಜಿನಲ್ಲಿ ಸರ್ಕಾರ ಒಳ್ಳೆಯದು ಮಾಡಿದ ಉದಾಹರಣೆಯೂ ಇದೆ. ಮೊದಲು ದರ ಕೂಗುವಾಗ ಖರೀದಿದಾರರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾತಾಡುತ್ತಿದ್ದರು, ರೈತ ಬೆಪ್ಪಾಗಿ ನಿಂತಿರುತ್ತಿದ್ದ. 2014ರ ಆಚೆ ರಾಜ್ಯದ ಮಾರುಕಟ್ಟೆಗಳಲ್ಲಿ ಆನ್‌ಲೈನ್ ಟೆಂಡರ್ ಬಂತು. ಮಾಲು ಎಷ್ಟಕ್ಕೆ ಹೋಯಿತು ಅಂತ ಪರದೆಯ ಮೇಲೆ ಕಾಣುತ್ತದೆ. ಅಲ್ಲಿ ಸರ್ಕಾರ ದರ ಹೇಳಲಿಲ್ಲ, ದರ ಕಾಣುವ ಹಾಗೆ ಮಾಡಿತು. ಇಂಥ ಕೆಲಸ ಇನ್ನೂ ಬೇಕಾದಷ್ಟಿದೆ. ತೂಕದ ಕಾಂಟಾ ಸರಿ ಇದೆಯಾ ನೋಡಬೇಕು. ನೆಟೆ ರೋಗ ತಡೆಯುವ ತಳಿ ಬೇಕು, ಅದರ ಬೀಜ ಹೊತ್ತಿಗೆ ಸಿಗಬೇಕು. ಮತ್ತೆ ಚೆಕ್ ಬೌನ್ಸ್. ನನ್ನ ಒಬ್ಬ ಕ್ಲೈಂಟ್ ಹೈದರಾಬಾದಿನ ಪಾರ್ಟಿಗೆ ಬೇಳೆ ಕಳಿಸಿ, ಚೆಕ್ ವಾಪಸ್ ಬಂದು, ಏಳನೇ ವರ್ಷವೂ ಕೋರ್ಟಿಗೆ ಅಲೆಯುತ್ತಿದ್ದಾರೆ. ಈಗ ಗುರುತಿಲ್ಲದವರಿಗೆ ಮಾಲೇ ಕಳಿಸುವುದಿಲ್ಲ. ಕೋರ್ಟು ಬೇಗ ಮುಗಿಸಿದ್ದರೆ ಅವರ ವ್ಯಾಪಾರ ಎಷ್ಟು ಬೆಳೆಯುತ್ತಿತ್ತು, ಗಂಜಿನಲ್ಲಿ ಇನ್ನೊಬ್ಬ ಖರೀದಿದಾರ ಎಷ್ಟು ಜೋರಾಗಿ ಟೆಂಡರ್ ಬರೆಯುತ್ತಿದ್ದ!

ಬಡವರ ಬೇಳೆಯ ಗತಿ ಏನು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2023ರ ಜುಲೈನಲ್ಲಿ ಅನ್ನಭಾಗ್ಯಕ್ಕೆ ಹೆಚ್ಚುವರಿ ಅಕ್ಕಿ ಸಿಗದಿದ್ದಾಗ ರಾಜ್ಯ ಸರ್ಕಾರ ಕೆಜಿಗೆ 34ರಂತೆ ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕಿತು. ಆ ಅಕ್ಕಿಗಾಗಿ ಯಾರ ಗೋದಾಮಿನ ಬೀಗವನ್ನೂ ಮುಟ್ಟಬೇಕಾಗಲಿಲ್ಲ. ಬೇಳೆಗೂ ಹಾಗೆ ಮಾಡಬಹುದು.

ಒಂದು ಸಣ್ಣ ಮಾತು ಹೇಳದೆ ಇರಲಾರೆ, ತೆರಿಗೆಯವನಾಗಿ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಇರುವ ಪ್ಯಾಕೆಟ್ ಧಾನ್ಯ, ಬೇಳೆಗೆ ಶೇ 5 ಜಿಎಸ್‌ಟಿ ಬಂತು. ಮೇಲಿನದಕ್ಕೆ ಇಲ್ಲ. ಸ್ವಲ್ಪ ದಿನದಲ್ಲೇ ಅಂಗಡಿಯಲ್ಲಿ 26 ಕೆಜಿ ಅಕ್ಕಿ ಚೀಲ ಕಾಣಿಸಿಕೊಂಡಿತು. ಯಾವ ಮನೆಯಲ್ಲೂ ತಿಂಗಳ ಅಕ್ಕಿಯನ್ನು 26 ಅಂತ ಎಣಿಸುವುದಿಲ್ಲ. ನಿಯಮ ಬರೆದವರು ಜನರ ಹೊಟ್ಟೆ ನೋಡಿದರು, ವ್ಯಾಪಾರಿ ನಿಯಮದ ಅಂಚು ನೋಡಿದ. ಪ್ರತಿ ಸಲ ಆಗುವುದು ಹೀಗೇ. ಒಮ್ಮೆಲೇ ಇಡೀ ಚೀಲ ಅಕ್ಕಿ ಕೊಳ್ಳುವ ಶಕ್ತಿ ಇಲ್ಲದವರು ಐದು ಕೆಜಿ ಪ್ಯಾಕೆಟ್ ಕೊಂಡು ತೆರಿಗೆ ಕಟ್ಟಿದರು.

ಅವತ್ತು ಫೋನ್ ಮಾಡಿದ ವ್ಯಾಪಾರಿ ಮಾಲನ್ನು ರಸ್ತೆಗೆ ಸುರಿಯಲಿಲ್ಲ. ಸಿಕ್ಕ ದರಕ್ಕೆ ಒಂದು ದೊಡ್ಡ ಮಿಲ್‌ಗೆ ಕೊಟ್ಟರು. ಆ ಮಿಲ್‌ನ ಸಾಮರ್ಥ್ಯ ದೊಡ್ಡದು, ಶೇ 10 ಅಂದರೂ ಬಹಳ ಮಾಲು ಹಿಡಿಯುತ್ತದೆ. ಈ ಜನವರಿಯಲ್ಲಿ ಅವರ ಹತ್ತಿರ ಹೋಗಿದ್ದೆ. ಎಷ್ಟು ಚೀಲ ಹಾಕಿದ್ದೀರಿ ಅಂತ ಕೇಳಿದೆ. ಗೋದಾಮಿನ ಬಾಗಿಲು ತೆಗೆದು ತೋರಿಸಿದರು. ಅರ್ಧಕ್ಕೆ ತೊಗರಿ ಚೀಲದ ಥಪ್ಪಿ. ಉಳಿದರ್ಧದಲ್ಲಿ ಪ್ಲಾಸ್ಟಿಕ್ ಕುರ್ಚಿ, ದೊಡ್ಡ ಪಾತ್ರೆಗಳು, ಸುತ್ತಿಟ್ಟ ಶಾಮಿಯಾನ.

“ಟೆಂಟ್ ಹೌಸಿನವರಿಗೆ ಬಾಡಿಗೆ ಕೊಟ್ಟೀನ್ರಿ” ಅಂದರು. “ಅದಕ್ಕ ಲಿಮಿಟ್ ಇಲ್ಲ ನೋಡ್ರಿ.”