ಒಂದೇ ಪ್ರಶ್ನೆಯನ್ನು ಟೇಬಲ್ ವ್ಯೂ ಮತ್ತೆ ಮತ್ತೆ ಏಕೆ ಕೇಳುತ್ತದೆ?

ಕಳೆದ ವಾರ ಬೆಳಗಾವಿಯ ನಮ್ಮ ಕಚೇರಿಯಲ್ಲಿ ಹೊಸದಾಗಿ ಸೇರಿದ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ಮೇಜಿನ ಬಳಿ ಬಂದಳು. “ಸರ್, ಸಾಲುಗಳೆಷ್ಟು ಎಂದು ಒಮ್ಮೆ ಹೇಳಿದರೆ ಸಾಲದೇ? ಪಟ್ಟಿ ತೆರೆಯುವಷ್ಟರಲ್ಲಿ ಈ ಟೇಬಲ್ ವ್ಯೂ ನಾಲ್ಕು ಸಲ ಕೇಳಿದೆ, ನೋಡಿ.” ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರಿಗೆ ಮಾಡುತ್ತಿದ್ದ ಐಫೋನ್ ಆ್ಯಪ್ ಅದು. ಅದರಲ್ಲಿ ಪಟ್ಟಿಯನ್ನು ಸಾಲು ಸಾಲಾಗಿ ತೋರಿಸುವ ಭಾಗವೇ ಟೇಬಲ್ ವ್ಯೂ. ಸಾಲುಗಳೆಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡುವ ಕೋಡ್‌ನ ತುಣುಕಾದ ‘ನಂಬರ್ ಆಫ್ ರೋಸ್’ ಮೆಥಡ್‌ನೊಳಗೇ ಅವಳು ಡೇಟಾಬೇಸ್ ಹುಡುಕಾಟ ಇಟ್ಟಿದ್ದಳು. ಕೇಳಿದಾಗಲೆಲ್ಲ ಹುಡುಕಾಟ, ಪಟ್ಟಿ ತೆರೆಯಲು ತಿಣುಕುತ್ತಿತ್ತು.

ಮಧ್ಯಾಹ್ನ ಖಾನಾವಳಿಯಲ್ಲಿ ಅವಳಿಗೆ ಬಡಿಸುವವನನ್ನು ತೋರಿಸಿದೆ. ರೊಟ್ಟಿ ಎಷ್ಟಿವೆ ಎಂದು ಅವನು ಒಲೆಯ ಮುಂದಿನ ಅಕ್ಕನನ್ನು ಆಗಾಗ ಕೇಳುತ್ತಲೇ ಇರುತ್ತಾನೆ. ರೊಟ್ಟಿ ಇರುವುದು ಅಕ್ಕನ ಬುಟ್ಟಿಯಲ್ಲಿ. ಅವನಲ್ಲಿರುವುದು ಹಿಂದೆ ಕೇಳಿದ ಲೆಕ್ಕ ಮಾತ್ರ. ಟೇಬಲ್ ವ್ಯೂ ಕೂಡ ಎಣಿಕೆಯನ್ನು ಬರೆದಿಟ್ಟುಕೊಳ್ಳುತ್ತದೆ. ಆದರೆ ‘ರಿಲೋಡ್’ ಎಂದಾಗ, ಸಾಲು ಸೇರಿಸಿದಾಗ, ಅಳಿಸಿದಾಗ ಮತ್ತೆ ಕೇಳುತ್ತದೆ. ಹಳೆಯ ಎಣಿಕೆಗೆ ಸೇರಿಸಿದ್ದನ್ನು ಕೂಡಿಸಿ, ಅಳಿಸಿದ್ದನ್ನು ಕಳೆದರೆ ಹೊಸ ಉತ್ತರ ಬರಬೇಕು. ತಾಳೆಯಾಗದಿದ್ದರೆ ಆ್ಯಪ್ ಅಲ್ಲಿಯೇ ಕುಸಿದು ನಿಂತುಬಿಡುತ್ತದೆ. ಮರುಪ್ರಶ್ನೆ ಎಂದರೆ ತಪಾಸಣೆಯೂ ಹೌದು. ಟೇಬಲ್ ವ್ಯೂ ಎಷ್ಟು ಸಲ ಕೇಳುತ್ತದೆಂಬ ಮಾತನ್ನು ಆ್ಯಪಲ್ ಎಲ್ಲಿಯೂ ಕೊಟ್ಟಿಲ್ಲ. ಆ ಸಂಖ್ಯೆಯನ್ನು ನಂಬಿ ಕೋಡ್ ಬರೆಯುವುದು ತಪ್ಪು.

ಒಂದು ಸಾಲಿನ ಸೆಲ್, ಅಂದರೆ ಆ ಸಾಲು ಕಾಣಿಸುವ ಚೌಕಟ್ಟು, ಕೊಡುವ ‘ಸೆಲ್ ಫಾರ್ ರೋ’ ಮೆಥಡ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಪಟ್ಟಿಯಲ್ಲಿ 2,000 ಲಾಟ್‌ಗಳಿದ್ದರೂ ಪರದೆಯಲ್ಲಿ ಹಿಡಿಸುವುದು ಹತ್ತು ಹನ್ನೆರಡು. ಅಷ್ಟಕ್ಕೆ ಬೇಕಾದ ಸೆಲ್‌ಗಳನ್ನಷ್ಟೇ ಮಾಡಿಕೊಂಡು, ಮೇಲೆ ಮರೆಯಾದದ್ದನ್ನು ಕೆಳಗೆ ಹೊಸ ಸಾಲಿಗೆ ಬಳಸಲಾಗುತ್ತದೆ, ಖಾನಾವಳಿಯ ತಟ್ಟೆಯಂತೆ. ಹಾಗಾಗಿ ಹಿಂದೆ ಸರಿದು ನೋಡಿದರೆ ಅದೇ ಸಾಲನ್ನು ಮತ್ತೆ ಕೇಳುತ್ತದೆ. ತಟ್ಟೆ ತೊಳೆಯದಿದ್ದರೆ ಹಿಂದಿನವರ ಶೇಂಗಾ ಚಟ್ನಿ ಅಂಟಿರುತ್ತದೆಯಲ್ಲವೇ? ನಮ್ಮ ಆ್ಯಪ್‌ನಲ್ಲಿಯೂ ಕಪ್ಪು ದ್ರಾಕ್ಷಿಯ ಸಾಲಿನಲ್ಲಿ ಹಸಿರು ದ್ರಾಕ್ಷಿಯ ಚಿತ್ರ ಕಾಣಿಸಿತ್ತು. ಖರೀದಿದಾರ ಮೋಸ ಹೋಗುವಂಥ ತಪ್ಪು ಇದು. ಇದನ್ನು ನಾನು ಸಣ್ಣದೆಂದು ಎಂದೂ ಬಿಡುವುದಿಲ್ಲ. ಚಿತ್ರವಿಲ್ಲದ ಸಾಲಿನಲ್ಲಿಯೂ ‘ಚಿತ್ರವಿಲ್ಲ’ ಎಂದು ಕೋಡ್‌ನಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಹಳೆಯ ಚಿತ್ರವೇ ಉಳಿಯುತ್ತದೆ.

ಎಲ್ಲಕ್ಕೂ ಸಮಯ ಬಹಳ ಕಡಿಮೆ. ಪರದೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಸಲ ಹೊಸ ಚಿತ್ರ, ತೋರಿಸಬೇಕೆಂದರೆ ಒಂದಕ್ಕೆ ಸುಮಾರು 16.7 ಮಿಲಿಸೆಕೆಂಡ್, 120 ಫ್ರೇಮ್‌ನ ಪರದೆಯಲ್ಲಿ ಅದರರ್ಧ. ಅಷ್ಟರೊಳಗೆ ಡೇಟಾಬೇಸ್‌ಗೆ ಹೋಗಿ ಬರುವ ಕೆಲಸ ಇಟ್ಟುಕೊಳ್ಳಬಾರದು.

ಅವಳು ಹುಡುಕಾಟವನ್ನು ಮೊದಲೇ ಒಂದು ಸಲ ನಡೆಸಿ, ಫಲಿತಾಂಶವನ್ನು ಅರೇಯಲ್ಲಿ, ಅಂದರೆ ಮೆಮೊರಿಯಲ್ಲಿನ ಪಟ್ಟಿಯಲ್ಲಿ, ಇಟ್ಟಳು. ಮೆಥಡ್‌ನಲ್ಲಿ ಉಳಿದದ್ದು ಅರೇಯ ಎಣಿಕೆ ಹೇಳುವ ಒಂದೇ ಸಾಲು. ಸಂಜೆ ಓಡಿಸಿದಾಗ ಆಗಲೂ ಅದೇ ಪ್ರಶ್ನೆ ನಾಲ್ಕು ಸಲ ಬಂದಿತ್ತು. ಪಟ್ಟಿ ಮಾತ್ರ ಬೆರಳು ತಾಗಿದೊಡನೆ ತೆರೆಯಿತು.